ಎಳೆದಾಟ ಅಲ್ಲ ಸರ್, ಅದೇ ಅದರ ಜೀವ

ಬ್ರಿಟಿಷ್ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ‘ವಿಶ್ ಯೂ ವರ್ ಹಿಯರ್’ (1975) ಆಲ್ಬಂ ಬಗ್ಗೆ ನಿಮ್ಮ ಲೇಖನ ಓದಿದೆ, ಚೆನ್ನಾಗಿ ಬರೆದಿದ್ದೀರಿ. ಆದರೆ ಮೊದಲ ಹಾಡು ‘ಶೈನ್ ಆನ್’ ಸುಮ್ಮನೆ ಎಳೆದಾಟ ಅಂದಿರಲ್ಲ, ಅದನ್ನು ಮಾತ್ರ ಒಪ್ಪೋಕಾಗಲ್ಲ. ಬ್ಯಾಂಡಿನ ಡೇವಿಡ್ ಗಿಲ್ಮೋರ್ ಗಿಟಾರಿನ ಆ ನಾಲ್ಕು ಸ್ವರ ಕೇಳಿಸೋದೇ ಹೆಚ್ಚುಕಡಿಮೆ ನಾಲ್ಕು ನಿಮಿಷ ಆದಮೇಲೆ. ಹಾಡುವ ದನಿಗೆ ಎಂಟು ನಿಮಿಷ ದಾಟಬೇಕು. ಆಲಾಪ ಕೇಳಿ ಬೆಳೆದ ನಮಗೆ ಇದೇನು ದೊಡ್ಡ ಕಾಯುವಿಕೆಯೇ?

ಕಾಲೇಜಿನ ದಿನಗಳಿಂದ ಕೇಳುತ್ತಿದ್ದೇನೆ, ಇನ್ನೂ ಬೇಜಾರಾಗಿಲ್ಲ. ಶೀರ್ಷಿಕೆಯ ಹಾಡಿನ ಶುರುವನ್ನು ಹೆಡ್‌ಫೋನ್ ಹಾಕಿ ಕೇಳಿ. ಯಾರೋ ರೇಡಿಯೋ ತಿರುಗಿಸುತ್ತಾರೆ, ಚೈಕೋವ್‌ಸ್ಕಿಯ ಸಿಂಫನಿ ತುಣುಕೊಂದು ಹಾದುಹೋಗುತ್ತದೆ, ಆಮೇಲೆ ಹಳೇ ಟ್ರಾನ್ಸಿಸ್ಟರಿನೊಳಗಿಂದ ಬಂದಂತೆ ಕ್ಷೀಣವಾಗಿ ಗಿಟಾರು. ಅಷ್ಟರಲ್ಲಿ ಪಕ್ಕದಲ್ಲೇ ಒಬ್ಬ ಕೆಮ್ಮಿ, ಇನ್ನೊಂದು ಗಿಟಾರು ಎತ್ತಿಕೊಂಡು ಅದರ ಜತೆ ನುಡಿಸತೊಡಗುತ್ತಾನೆ. ಒಂಟಿತನವನ್ನು ಇದಕ್ಕಿಂತ ಚೆನ್ನಾಗಿ ರೆಕಾರ್ಡ್ ಮಾಡಿದ್ದನ್ನು ನಾನಂತೂ ಕೇಳಿಲ್ಲ.

ಲೇಖನದಲ್ಲಿ ಬ್ಯಾಂಡಿನ ಸ್ಥಾಪಕರಲ್ಲೊಬ್ಬನಾದ ಸಿಡ್ ಬ್ಯಾರೆಟ್ ಹೆಸರೇ ಇಲ್ಲದ್ದು ಅಚ್ಚರಿ. 1968ರಲ್ಲಿ ಬ್ಯಾಂಡ್ ಬಿಟ್ಟಿದ್ದ ಮನುಷ್ಯ, 1975ರ ಜೂನ್‌ನಲ್ಲಿ ಬ್ಯಾಂಡಿನವರು ಅವನದೇ ನೆನಪಿನ ‘ಶೈನ್ ಆನ್’ ಮೇಲೆ ಕೆಲಸ ಮಾಡುತ್ತಿದ್ದಾಗ ಆ್ಯಬಿ ರೋಡ್ ಸ್ಟುಡಿಯೋಗೆ ಬಂದ. ದಪ್ಪಗಾಗಿದ್ದ, ತಲೆ ಹುಬ್ಬು ಎರಡನ್ನೂ ಬೋಳಿಸಿದ್ದ. ಹಳೇ ಗೆಳೆಯರಿಗೇ ಮೊದಲು ಗುರುತು ಸಿಗಲಿಲ್ಲ!

‘ವೆಲ್‌ಕಮ್ ಟು ದ ಮಷೀನ್’ ಹಾಡು ಸ್ವಲ್ಪ ಉದ್ದವಾಯ್ತು ಅಂದಿದ್ದರೆ ತಲೆಯಾಡಿಸುತ್ತಿದ್ದೆ. ಅಂದಹಾಗೆ ‘ಹ್ಯಾವ್ ಎ ಸಿಗಾರ್’ ಹಾಡಿದ್ದು ನೀವು ಬರೆದಂತೆ ಬ್ಯಾಂಡಿನ ರೋಜರ್ ವಾಟರ್ಸ್ ಅಲ್ಲ, ಹೊರಗಿನ ಗಾಯಕ ರಾಯ್ ಹಾರ್ಪರ್. ದಯವಿಟ್ಟು ತಿದ್ದಿ. ಷಫಲ್‌ನಲ್ಲಿ ಹಾಡುಗಳನ್ನು ಹಿಂದುಮುಂದಾಗಿ ಕೇಳಿದ್ದರೆ, ಇನ್ನೊಮ್ಮೆ ಸಾಲಾಗಿ ಕೇಳಿ ನೋಡಿ.