ಪಾರ್ಸೆಲ್ ಬಂದಿದೆ ಅಂತ ಫೋನ್ ಬಂದರೆ

ಆನ್‌ಲೈನ್ ಪ್ರೀತಿ ನಂಬಿ ದುಡ್ಡು ಕಳೆದುಕೊಂಡವರ ಬಗೆಗಿನ ಲೇಖನವೊಂದರಲ್ಲಿ ಅವರನ್ನು ದುರಾಸೆಯವರು ಎಂದಿರುವುದು ಸರಿಯಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ, ತೀರ್ಥಹಳ್ಳಿ, ಹೊಸನಗರ ಕಡೆಯ ಒಂಟಿ ಮನೆಗಳಲ್ಲಿ ಉಳಿದವರಿಗೆ ದಿನಾ 'ಊಟ ಆಯ್ತಾ' ಎಂದು ಕೇಳುವವರು ಸಿಕ್ಕರೆ ನಂಬಿಕೆ ಹುಟ್ಟದೇ ಇರುತ್ತದೆಯೇ? ವಂಚಕರು ವಾರಗಟ್ಟಲೆ ದುಡ್ಡಿನ ಮಾತೇ ಎತ್ತುವುದಿಲ್ಲ. ಆಮೇಲೆ ವಿದೇಶದಿಂದ ಉಡುಗೊರೆ ಕಳಿಸಿದೆ ಎನ್ನುತ್ತಾರೆ. ಹಿಂದೆಯೇ 'ಕಸ್ಟಮ್ಸ್‌'ನಿಂದ ಫೋನ್. ಮೊದಲು ಸುಂಕ, ನಂತರ ದಂಡ, ನಂತರ ಇನ್ನೊಂದು ಸರ್ಟಿಫಿಕೇಟು. ಕಟ್ಟಿದ್ದಾದರೂ ವಾಪಸ್ ಬರಲಿ ಎಂದೇ ಪಾಪ, ಮತ್ತೆ ಮತ್ತೆ ಕಟ್ಟುತ್ತಾರೆ. ಕಸ್ಟಮ್ಸ್ ಇಲಾಖೆ ಯಾರದೋ ಸ್ವಂತ ಖಾತೆಗೆ ಸುಂಕ ಹಾಕಿಸಿಕೊಳ್ಳುವುದಿಲ್ಲ.

ದುಡ್ಡು ಹೋಗಿದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯುಪಿಐ ಆದರೆ 12 ಅಂಕಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ), ಮೊತ್ತ, ಸಮಯ ಕೈಯಲ್ಲಿರಲಿ. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತ ಹೋಗುತ್ತಾರೆ. ನಗದಾಗಿ ತೆಗೆಯುವ ಮೊದಲೇ ದೂರು ದಾಖಲಾದರೆ ಬ್ಯಾಂಕಿನವರು ತಡೆಹಿಡಿಯಬಹುದು. ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಬಹುದು. ನಾಚಿಕೆಪಟ್ಟು ಚಾಟ್ ಅಳಿಸಬೇಡಿ, ಸಾಕ್ಷಿ ಅದೇ. ಆಮೇಲೆ 'ಹಣ ವಾಪಸ್ ಕೊಡಿಸುತ್ತೇವೆ, ಫೀಸು ಕಟ್ಟಿ' ಎಂದು ಫೋನ್ ಮಾಡುವ 'ವಕೀಲರು' ಬಹಳ ಸಲ ಅದೇ ಗ್ಯಾಂಗಿನವರು.