ಮೆಟ್ಟಿಲ ಮೇಲಿನ 15 ಸೆಂಟಿಮೀಟರ್

ಅಂಕೋಲಾ ಕಡೆಯ ಒಬ್ಬ ನಿವೃತ್ತ ಅಕ್ಕೋರ (ಶಿಕ್ಷಕಿಯನ್ನು ನಮ್ಮ ಕಡೆ ಹಾಗೆ ಕರೆಯುತ್ತೇವೆ) ಮನೆ ಪ್ಲಾನ್ ಜನವರಿಯಲ್ಲಿ ವಾಪಸ್ ಬಂತು. ಮೆಟ್ಟಿಲ ಮೇಲೆ ತಲೆ ಎತ್ತರ ಸಾಲದು, ಅಷ್ಟೇ ಕಾರಣ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಂತೆ ಕನಿಷ್ಠ 2.2 ಮೀಟರ್ ಬೇಕು. ಬೀಮಿನ ಕೆಳಗೆ ಇದ್ದದ್ದು 2.05.

ಪ್ಲಾನ್ ಬರೆದದ್ದು ನಾನು, ತಪ್ಪೂ ನನ್ನದೇ. ದೇವರ ಕೋಣೆ ದೊಡ್ಡದು ಮಾಡಲು ಮೆಟ್ಟಿಲನ್ನು ಒಂದಡಿ ಸರಿಸಿದ್ದೆ. ಪ್ಲಾನ್ ಹಾಳೆಯಲ್ಲಿ ಎಲ್ಲ ಸರಿ ಕಂಡಿತು. ಸೆಕ್ಷನ್ ಹಾಳೆಯಲ್ಲಿ, ಅಂದರೆ ಮನೆಯನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ಚಿತ್ರದಲ್ಲಿ, ಬೀಮು ಮೆಟ್ಟಿಲ ನೆತ್ತಿಗೆ ಬಂದದ್ದನ್ನು ಅಳೆದು ನೋಡಲಿಲ್ಲ. ತಿದ್ದಿ ಮತ್ತೆ ಕೊಟ್ಟು, ಫೈಲ್ ಸರದಿ ಬಂದು, ಒಪ್ಪಿಗೆ ಸಿಗುವಾಗ ಮೇ ಕೊನೆ. ನಮ್ಮ ಕರಾವಳಿಯಲ್ಲಿ ಅದರ ಅರ್ಥ ಏನು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಜೂನ್‌ನಲ್ಲಿ ಪಾಯ ತೋಡಿದರೆ ಬೆಳಗಾಗುವಾಗ ಅದು ಬಾವಿ. ಇಳಿಸಿದ್ದ ಚಿರೆಕಲ್ಲಿಗೆ ತಾಡಪತ್ರಿ ಹೊದೆಸಿದೆವು. "ತಮ್ಮಾ, ಈ ಮಳೆಗಾಲನೂ ಬಾಡಿಗೆ ಮನೇಲೇ ಇರೂದಾಯ್ತು ಅಲ್ಲಾ?" ಅಂದರು ಅಕ್ಕೋರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಅಂದಿನಿಂದ ನಾನು ಸಣ್ಣ ಮನೆಗೂ ಕಂಪ್ಯೂಟರಿನಲ್ಲಿ ಪೂರ್ತಿ ಮಾದರಿ ಮಾಡುತ್ತೇನೆ. ಬಿಐಎಂ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಎನ್ನುತ್ತಾರಲ್ಲ, ಅದು. ಇದರಲ್ಲಿ ಗೋಡೆ ಬರೀ ಎರಡು ಗೆರೆ ಅಲ್ಲ. ತಾನು ಗೋಡೆ, ಇಷ್ಟು ದಪ್ಪ, ಇಂಥ ಕೋಣೆಯದ್ದು ಎಂಬ ವಿವರವೂ ಜೊತೆಗಿರುತ್ತದೆ. ಮೆಟ್ಟಿಲು ಒಂದೇ. ಒಮ್ಮೆ ಸರಿಸಿದರೆ ಎಲ್ಲ ಹಾಳೆಯಲ್ಲೂ ಸರಿಯುತ್ತದೆ.

ಇಷ್ಟು ವಿವರ ಇದ್ದರೆ ನಿಯಮ ನೋಡುವ ಕೆಲಸವನ್ನು ಯಂತ್ರಕ್ಕೆ ಕೊಡಬಹುದು. ಕಿಟಕಿಯನ್ನೇ ತೆಗೆದುಕೊಳ್ಳಿ. ನಮ್ಮಂಥ ಸೆಕೆ, ತೇವದ ಊರಿಗೆ ಸಂಹಿತೆ ಕೋಣೆಯ ನೆಲದ ಆರನೇ ಒಂದು ಭಾಗದಷ್ಟು ಕಿಟಕಿ ಕೇಳುತ್ತದೆ. ಒಣ ಸೆಕೆಯ ಊರಿಗೆ ಹತ್ತನೇ ಒಂದು ಭಾಗ ಸಾಕು. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಕೋಣೆ ಅಂದರೆ 12 ಚದರ ಮೀಟರ್. ಕಿಟಕಿ 2 ಚದರ ಮೀಟರ್ ಬೇಕು. ನಾವೆಲ್ಲ ರೂಢಿಯಂತೆ ಇಡುವ 1.2 ಮೀಟರ್ ಚೌಕದ ಕಿಟಕಿ ಒಂದೇ ಆದರೆ 1.44 ಮಾತ್ರ. ಆಮೇಲೆ ಮಳೆಗಾಲದಲ್ಲಿ ಗೋಡೆ ಮೇಲೆ ಬೂಸ್ಟು ಬಂತು ಅಂತ ಪೇಂಟಿನವರನ್ನು ಬೈಯುತ್ತೇವೆ. ಈ ಲೆಕ್ಕ ಯಂತ್ರಕ್ಕೆ ಕಣ್ಣು ಮುಚ್ಚಿ ತೆರೆಯುವಷ್ಟರ ಕೆಲಸ.

ನಮ್ಮ ದೇಶದಲ್ಲೂ ಎಷ್ಟೋ ಕಡೆ ಸಾಫ್ಟ್‌ವೇರ್ ಪ್ಲಾನ್ ನೋಡುತ್ತದೆ. ಆದರೆ ಅದು ಹೆಚ್ಚಾಗಿ ಓದುವುದು ಕ್ಯಾಡ್ ಗೆರೆಗಳನ್ನು, ಅಂದರೆ ಕಂಪ್ಯೂಟರಿನಲ್ಲಿ ಎಳೆದ ಬರೀ ಗೆರೆಗಳನ್ನು. ಗೆರೆ ಸರಿಯಾದ ಲೇಯರ್‌ನಲ್ಲಿ (ಗೋಡೆಗೊಂದು, ಕಿಟಕಿಗೊಂದು ಅಂತ ಬೇರೆ ಮಾಡಿದ ಪದರದಲ್ಲಿ) ಇಲ್ಲದಿದ್ದರೆ ಮನೆ ಸರಿ ಇದ್ದರೂ ಪ್ಲಾನ್ ವಾಪಸ್. ಸಿಂಗಾಪುರ 1995ರಲ್ಲೇ ಕೋರ್‌ನೆಟ್ ಅಂತ ಕಟ್ಟಡ ಕೆಲಸದ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಶುರು ಮಾಡಿತು. 2023ರ ಡಿಸೆಂಬರ್‌ನಲ್ಲಿ ಕೋರ್‌ನೆಟ್ ಎಕ್ಸ್ ತಂದು ಮಾದರಿಯನ್ನೇ ಸಲ್ಲಿಸುವ ದಾರಿ ಮಾಡಿತು. ಯಾವ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಮಾಡಿದರೂ ಓದಲು ಬರುವ ಐಎಫ್‌ಸಿ ಎಂಬ ಫೈಲ್ ಬಗೆಯೂ ಇದೆ. ಅಂದರೆ ಉಪಕರಣ ಇಲ್ಲ ಅನ್ನುವ ಕಾಲ ಮುಗಿದಿದೆ.

ಹಾಗಂತ ಎಲ್ಲವನ್ನೂ ಯಂತ್ರಕ್ಕೆ ಬಿಡಿ ಅನ್ನುತ್ತಿಲ್ಲ. ಮಲಗುವ ಕೋಣೆಗೆ "ಸ್ಟೋರ್" ಅಂತ ಹೆಸರು ಕೊಟ್ಟರೆ ಯಂತ್ರ ನಂಬುತ್ತದೆ. "ಸಾಕಷ್ಟು", "ಸೂಕ್ತ" ಅಂತ ಬರೆದ ನಿಯಮಕ್ಕೆ ಅದರ ಬಳಿ ಅಳತೆಗೋಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಮಾದರಿ ನೋಡುವುದು ಮನೆಯನ್ನು, ಹಿಂದಿನ ಗುಡ್ಡವನ್ನಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದನ್ನು ನಮ್ಮ ಜಿಲ್ಲೆಯವರು ಮರೆಯುವುದುಂಟಾ? ಮನೆ ಹಿಂದೆ ಧರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಎಷ್ಟು ಕಡಿದಿದ್ದಾರೆ, ನೀರು ಯಾವ ಕಡೆ ಹರಿಯುತ್ತದೆ, ಇದನ್ನು ಜಾಗಕ್ಕೆ ಹೋಗಿ ಕೆಸರಲ್ಲಿ ನಿಂತೇ ನೋಡಬೇಕು. ಗುಣಿಸಿ ಭಾಗಿಸುವ ಕೆಲಸ ಯಂತ್ರಕ್ಕೆ ಹೋದರೆ, ಉಳಿದ ಹೊತ್ತು ಆ ಧರೆ ನೋಡಲು ಸಿಗಲಿ ಅನ್ನುವುದೇ ನನ್ನ ಆಸೆ.

ನಾನು ಕೇಳುವುದು ಇಷ್ಟೇ. ಅಳೆದು ನೋಡಬಹುದಾದ ಕಟ್ಟಡ ನಿಯಮಗಳನ್ನು ಯಂತ್ರ ಓದುವ ರೂಪದಲ್ಲಿ ನಮ್ಮ ಕೈಗೂ ಕೊಡಿ, ಪುಕ್ಕಟೆಯಾಗಿ. ಪ್ಲಾನ್ ಕೊಡುವ ಮೊದಲೇ, ಅಕ್ಟೋಬರ್‌ನಲ್ಲೇ, ನನ್ನ ಮೇಜಿನ ಮೇಲೆ ನಾನೇ ಓಡಿಸಿ ನೋಡುತ್ತೇನೆ. ತಪ್ಪಿದ್ದರೆ ಯಾವ ಕೋಣೆ, ಯಾವ ನಿಯಮ, ಎಷ್ಟು ಕಮ್ಮಿ ಅಂತ ಕನ್ನಡದಲ್ಲಿ ತೋರಿಸಲಿ. ಮನೆಯವರೂ ಪಕ್ಕದಲ್ಲಿ ಕೂತು ಓದಲಿ. ಸಮುದ್ರದ ಬದಿಯ ಜಾಗಕ್ಕೆ ಉಬ್ಬರದ ಗೆರೆಯ ನಕಾಶೆಯನ್ನೂ ಅದರಲ್ಲೇ ಸೇರಿಸಿದರೆ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ದೂರಕ್ಕಾಗಿ ಅಲೆದಾಡುವವರ ಎಷ್ಟೋ ಓಡಾಟ ತಪ್ಪುತ್ತದೆ.

ಅಕ್ಕೋರ ಮನೆಗೆ ಪಾಯ ಹಾಕಿದ್ದು ದೀಪಾವಳಿ ಕಳೆದ ಮೇಲೆ. ತಾಡಪತ್ರಿ ತೆಗೆದರೆ ಕೆಳಗಿನ ಚಿರೆಕಲ್ಲೆಲ್ಲ ಹಸಿರು. ಪಾಚಿ ಕೆರೆಯಲು ಇಬ್ಬರು ಆಳಿಗೆ ಎರಡು ದಿನ ಹಿಡಿಯಿತು. ಅವರ ಕೂಲಿ ನಾನೇ ಕೊಟ್ಟೆ.