ಅವನ ಎದುರಿಗೇ ನನ್ನಿಂದ ಹೇಳಿಸಿದರಲ್ಲ

ಸಿಟ್ಟು ಇಳಿದ ಮೇಲೆ ಬರೆಯೋಣ ಅಂದುಕೊಂಡೆ. ಆದರೆ ಇಳಿದ ಮೇಲೆ ನಾನು ಬರೆಯುವುದೇ ಇಲ್ಲ, ಅದು ನನಗೆ ಗೊತ್ತು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮನಸ್ಸಿನ ಕಾಯಿಲೆ. ಯಾರಾದರೂ ಮನೆಗೆ ಬಂದು ಹೋಗುವ ಸಹಾಯ ಬೇಕು ಅಂತ ಕೇಳಿದ್ದೆ. ಅದಕ್ಕೆ ಇವತ್ತು ಆಫೀಸಿನಲ್ಲಿ ಸೋಷಿಯಲ್ ವರ್ಕರ್ ಒಬ್ಬರು ಅವನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು.

"ಸ್ನಾನ ನೀವೇ ಮಾಡ್ತೀರಾ?" ಅಂತ ಕೇಳಿದರೆ, ಮೂವತ್ತು ದಾಟಿದ ಯಾವ ಗಂಡಸು "ಇಲ್ಲ" ಅಂತಾನೆ ಹೇಳಿ. ಎದುರಿಗೆ ಕೂತವರನ್ನು ಅವನು ನೋಡುತ್ತಿರುವುದೇ ಮೊದಲ ಸಲ. ಅವರ ಕೈಯಲ್ಲಿ ಫಾರಂ. "ಮಾಡ್ತೀನಿ" ಅಂದ. ಟಿಕ್ ಬಿತ್ತು. "ಅಡುಗೆ?" "ಬರುತ್ತೆ." ಟಿಕ್. "ಮಾತ್ರೆ?" "ತಗೊಳ್ತೀನಿ." ಟಿಕ್. "ಬೇರೆ ಏನಾದ್ರೂ ತೊಂದರೆ?" "ಏನಿಲ್ಲ." ಅದಕ್ಕೂ ಟಿಕ್.

ನಾನು ಬಾಯಿ ತೆರೆದೆ. "ನೀವು ಸ್ವಲ್ಪ ಸುಮ್ನಿರಿ, ಅವರೇ ಹೇಳಲಿ" ಅಂದರು.

ಸರಿ. ಅದು ಸರಿಯೇ. ಅವನ ವಿಷಯ ಅವನನ್ನೇ ಕೇಳಬೇಕು. ಅವನು ಪಕ್ಕದಲ್ಲೇ ಕೂತಿದ್ದರೂ "ಇವರು ಊಟ ಸರಿಯಾಗಿ ಮಾಡ್ತಾರಾ" ಅಂತ ನನ್ನನ್ನು ಕೇಳಿದವರ ಜೊತೆ ಎಷ್ಟೋ ಸಲ ಜಗಳ ಆಡಿದ್ದೇನೆ. ಹಾಗಾಗಿ ಸುಮ್ಮನಾದೆ.

ಕೊನೆಯ ಪುಟ ಬಂತು. ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಇವರು ಚೆನ್ನಾಗೇ ಇದ್ದಾರಲ್ಲ. ಮನೆಗೆ ಯಾರಾದ್ರೂ ಬಂದು ಹೋಗೋದು ಯಾಕೆ ಬೇಕು? ನಿಮಗೆ ಬೇರೆ ಥರ ಅನಿಸಿದರೆ ಈಗ ಹೇಳಿ."

ಈಗ. ಅವನ ಎದುರಿಗೇ. ಸುಮ್ಮನಿದ್ದರೆ ಸಹಾಯ ಹೋಯಿತು. ಬಾಯಿ ಬಿಟ್ಟರೆ ತಮ್ಮನ ಮಾನ ಹೋಯಿತು. "ಒಂದು ನಿಮಿಷ ಬೇರೆಯಾಗಿ ಮಾತಾಡಬಹುದಾ?" ಅಂತ ಕೇಳಿದೆ. "ಅವರ ಬೆನ್ನ ಹಿಂದೆ ಮಾತಾಡುವ ಹಾಗಿಲ್ಲ" ಅಂದರು.

ಹೇಳಿದೆ. ನೀರು ಬಿಟ್ಟು, ಬಟ್ಟೆ ಎತ್ತಿಟ್ಟು, ಬಚ್ಚಲ ಬಾಗಿಲಲ್ಲಿ ನಿಂತು ಕರೆಯದಿದ್ದರೆ ಅವನು ಸ್ನಾನಕ್ಕೆ ಹೋಗುವುದಿಲ್ಲ ಅಂದೆ. ಒಲೆ ಹಚ್ಚಿದರೆ ಆರಿಸುವುದನ್ನು ಮರೆಯುತ್ತಾನೆ ಅಂದೆ. ಮಾತ್ರೆ ಕೈಗೆ ಕೊಟ್ಟು ನುಂಗುವವರೆಗೂ ನಿಂತಿರುತ್ತೇನೆ ಅಂದೆ. ಹಾಸಿಗೆ ಬಟ್ಟೆಯ ಬಗ್ಗೆ ಕೇಳಿದರು. ಅದನ್ನೂ ಹೇಳಿದೆ. ಇಲ್ಲಿ ಬರೆಯುವುದಿಲ್ಲ.

ಅವನು ಅಂಗಿಯ ಕೊನೆಯ ಗುಂಡಿಯನ್ನು ಬಿಚ್ಚುತ್ತ ಹಾಕುತ್ತ ಕೂತಿದ್ದ. ಆ ಅಂಗಿಯನ್ನು ಬೆಳಗ್ಗೆ ಅವನೇ ಆರಿಸಿಕೊಂಡಿದ್ದ. ಎಷ್ಟು ತಿಂಗಳಾದ ಮೇಲೆ ಅವನಾಗೇ ಬೀರು ತೆಗೆದು ಒಂದು ಅಂಗಿ ಆರಿಸಿದ್ದು! ಆಫೀಸಿಗೆ ಹೋಗಬೇಕಲ್ಲ ಅಂತ ತಲೆ ಬಾಚಿಕೊಂಡಿದ್ದ. ಆ ಅಂಗಿ, ಆ ಕ್ರಾಪು ಎರಡೂ ಅವನ ವಿರುದ್ಧವೇ ಸಾಕ್ಷಿ ಆದವು. "ಉಡುಪು ಅಚ್ಚುಕಟ್ಟು" ಅಂತ ಬರೆದದ್ದನ್ನು ಮೇಜಿನ ಈಚೆಯಿಂದಲೇ ಓದಿದೆ.

ಆಮೇಲೆ ಬಂತು ನೋಡಿ ಬುದ್ಧಿಮಾತು. "ಎಲ್ಲ ನೀವೇ ಮಾಡಿಕೊಟ್ಟರೆ ಅವರು ಯಾಕೆ ಮಾಡ್ತಾರೆ? ಸ್ವಲ್ಪ ಬಿಟ್ಟು ನೋಡಿ."

ಬಿಟ್ಟು ನೋಡಿದ್ದೇವೆ ಅಮ್ಮಾ! ಹಿಂದೆ ಒಬ್ಬರು ಇದೇ ಮಾತು ಹೇಳಿದಾಗ ಬಿಟ್ಟೇ ನೋಡಿದೆವು. ಅದು ಎಲ್ಲಿಗೆ ಹೋಗಿ ನಿಂತಿತು ಅನ್ನುವುದು ನಿಮ್ಮ ಕೈಕೆಳಗಿನ ಫೈಲಿನಲ್ಲೇ ಇದೆ, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ. ಆ ಹಾಳೆಯನ್ನು ತಿರುವಿಯೂ ನೋಡಲಿಲ್ಲ.

ಸ್ಕಿಜೋಫ್ರೇನಿಯಾ ಅಂದರೆ ಕಿವಿಯಲ್ಲಿ ಧ್ವನಿ ಕೇಳುವುದು, ಯಾರೋ ಬೆನ್ನು ಹತ್ತಿದ್ದಾರೆ ಅನ್ನುವುದು, ಇಷ್ಟೇ ಅಂದುಕೊಂಡಿದ್ದಾರೆ. ಅವು ಎಷ್ಟೋ ಜನರಲ್ಲಿ ಮಾತ್ರೆಗೆ ಬಗ್ಗುತ್ತವೆ. ಅವನಲ್ಲೂ ಬಗ್ಗಿವೆ. ಬಗ್ಗದೆ ಉಳಿಯುವುದು ಬೇರೆ. ಏಳಬೇಕು ಅನ್ನುವ ಆಸೆಯೇ ಹುಟ್ಟುವುದಿಲ್ಲ. ಮಾತು ಕಡಿಮೆಯಾಗುತ್ತದೆ. ಮುಖದಲ್ಲಿ ಏನೂ ಕಾಣುವುದಿಲ್ಲ. ಡಾಕ್ಟರುಗಳು ಇವನ್ನು ನೆಗೆಟಿವ್ ಲಕ್ಷಣ ಅನ್ನುತ್ತಾರೆ. ಮಾತ್ರೆ ಇವುಗಳ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ನೋಡುವವರಿಗೆ ಇದು ಸೋಮಾರಿತನ. ಇನ್ನೊಂದು, ತನಗೆ ಕಾಯಿಲೆ ಇದೆ ಅನ್ನುವುದೇ ತಿಳಿಯದಿರುವುದು ಬಹಳ ಜನರಲ್ಲಿ ಈ ಕಾಯಿಲೆಯದೇ ಭಾಗ. ನನ್ನ ತಮ್ಮ ಸುಳ್ಳು ಹೇಳಲಿಲ್ಲ. ಅವನಿಗೆ ನಿಜವಾಗಿ ಹಾಗೇ ಅನಿಸುತ್ತದೆ. ಇದನ್ನು ಓದಿಕೊಂಡು ಬಂದ ಸೋಷಿಯಲ್ ವರ್ಕರ್‌ಗೆ ನಾನು ಹೇಳಿಕೊಡಬೇಕಾ?

ಮನೆಯವರನ್ನು ದೂರುವುದು ಹಳೆಯ ಚಾಳಿ. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಅನ್ನುವ ಮನೋವೈದ್ಯೆ, ತಾಯಿಯ ನಡವಳಿಕೆಯೇ ಈ ಕಾಯಿಲೆಗೆ ಕಾರಣ ಅನ್ನುವಂತೆ ಬರೆದರು. ಅದು ತಪ್ಪು ಅಂತ ಬಿದ್ದುಹೋಗುವ ಹೊತ್ತಿಗೆ ಎಷ್ಟು ತಾಯಂದಿರು ತಮ್ಮನ್ನೇ ಶಪಿಸಿಕೊಂಡರೋ. ನಮ್ಮಮ್ಮ ಅದನ್ನು ಓದಿದವರಲ್ಲ. ಆದರೂ ಸಾಯುವವರೆಗೂ ಅದನ್ನೇ ನಂಬಿದ್ದರು. ಆಮೇಲೆ 1972ರಲ್ಲಿ ಲಂಡನ್ನಿನ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ತೋರಿಸಿದ್ದು ಬೇರೆ ವಿಷಯ. ಮನೆಯಲ್ಲಿ ಚುಚ್ಚುಮಾತು, ಸಿಡುಕು, ಅತಿಯಾದ ಕಾಳಜಿ ಇದ್ದರೆ ಕಾಯಿಲೆ ಮರುಕಳಿಸುವುದು ಜಾಸ್ತಿ. ಒಪ್ಪುತ್ತೇನೆ. ನಮ್ಮ ಮನೆಯಲ್ಲೇ ಕಂಡಿದ್ದೇನೆ. ಆದರೆ ಅದರಿಂದ ಹುಟ್ಟಿದ ಪಾಠ ಏನು? ಮನೆಯವರನ್ನು ಕೂರಿಸಿ ಕಾಯಿಲೆ ಏನು ಅಂತ ತಿಳಿಸಿ, ಸಿಡುಕದೆ ಮಾತಾಡುವುದನ್ನು ಕಲಿಸಿ, ಅವರ ಹೊರೆ ಇಳಿಸಿ ಅಂತ. ಹಾಗೆ ಮಾಡಿದ ಕಡೆ ಮರುಕಳಿಸುವುದು ಕಡಿಮೆಯಾಗಿದೆ, ಪ್ರಯೋಗ ಮಾಡಿ ನೋಡಿದ್ದಾರೆ. ನಮ್ಮ ಪಾಲಿಗೆ ಬಂದದ್ದು ದೂರು ಮಾತ್ರ. ಕಲಿಸಲು ಯಾರೂ ಬರಲಿಲ್ಲ.

ಆ ಹೆಂಗಸಿನ ಮೇಲೂ ನನಗೆ ಅಷ್ಟು ಸಿಟ್ಟಿಲ್ಲ. ಅವರ ಮೇಜಿನ ಮೇಲೆ ಫೈಲುಗಳ ರಾಶಿ. ಫಾರಂ ಮಾಡಿದವರು ಬೇರೆ, ಸಮಯ ಇಷ್ಟೇ ಅಂತ ಗೆರೆ ಎಳೆದವರು ಬೇರೆ. ಪಾಪ, ಅವರೇನು ಮಾಡುತ್ತಾರೆ ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದೆ.

ಇಲ್ಲ, ಸಿಟ್ಟಿದೆ. "ನಿಮ್ಮಕ್ಕನ ಹತ್ತಿರ ಬೇರೆಯಾಗಿ ಮಾತಾಡಲಾ?" ಅಂತ ಅವನನ್ನೇ ಒಂದು ಮಾತು ಕೇಳಿದ್ದರೆ "ಆಗಲಿ" ಅನ್ನುತ್ತಿದ್ದ. ಹಿಂದೆ ಇದ್ದ ಸೋಷಿಯಲ್ ವರ್ಕರ್ ಹಾಗೆ ಕೇಳುತ್ತಿದ್ದರು, ಅವನೂ ಒಪ್ಪುತ್ತಿದ್ದ. ಅವರು ಮನೆಗೇ ಬರುತ್ತಿದ್ದರು. ಮೆಟ್ಟಿಲ ಮೇಲೆ ಅವನ ಜೊತೆ ಚೆಸ್ ಆಡುತ್ತ ಕೂರುತ್ತಿದ್ದರು. ಕುದುರೆ ನಡೆಸುತ್ತ "ರಾತ್ರಿ ನಿದ್ದೆ ಬಂತಾ? ಆ ಧ್ವನಿಗಳು ಏನಂತಿವೆ ಈಗ?" ಅಂತ ಮೆಲ್ಲಗೆ ಕೇಳುತ್ತಿದ್ದರು. ಇವನು ತಲೆ ಎತ್ತದೆ ಎಲ್ಲ ಹೇಳುತ್ತಿದ್ದ. ನನಗೆ ಹೇಳದ್ದನ್ನೂ ಹೇಳುತ್ತಿದ್ದ. ಅವರು ಕೆಲಸ ಬಿಟ್ಟು ಹೋದರು. ಅವರು ಇನ್ನು ಬರುವುದಿಲ್ಲ ಅಂತ ಇವನಿಗೆ ಒಂದು ಮಾತು ಹೇಳುವವರೂ ಇರಲಿಲ್ಲ. ಎಷ್ಟೋ ದಿನ ಬೋರ್ಡು ಜೋಡಿಸಿಟ್ಟುಕೊಂಡು ಕಾದ.

ಮನೆಗೆ ಬರುವುದು ಏನು ದೊಡ್ಡ ಹೊಸ ಯೋಚನೆಯಾ? 1970ರ ದಶಕದಲ್ಲೇ ಅಮೆರಿಕದ ಮ್ಯಾಡಿಸನ್ ಊರಿನಲ್ಲಿ ಲಿಯೊನಾರ್ಡ್ ಸ್ಟೈನ್, ಮೇರಿ ಆ್ಯನ್ ಟೆಸ್ಟ್ ಅನ್ನುವವರು ಆಸ್ಪತ್ರೆಯ ಸಿಬ್ಬಂದಿಯನ್ನೇ ಹೊರಗೆ ತಂದು, ಜನ ಬದುಕುವ ಜಾಗಕ್ಕೆ ಕಳಿಸಿದರು. ಆ ಪದ್ಧತಿಯಲ್ಲಿ ಒಬ್ಬ ಕಾರ್ಯಕರ್ತರಿಗೆ ಸುಮಾರು 10 ಜನರ ಹೊಣೆ. ಮನೆಗೆ ಬಂದಿದ್ದರೆ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ. ಬಚ್ಚಲು ನೋಡಿ, ಒಲೆ ನೋಡಿ, ಮಾತ್ರೆ ಡಬ್ಬಿ ನೋಡಿ. ಗೊತ್ತಾಗುತ್ತದೆ ಅಲ್ವಾ?

ಬಂದಾಗಿನಿಂದ ಅವನು ನನ್ನ ಹತ್ತಿರ ಮಾತಾಡಿಲ್ಲ. ಮಾತ್ರೆ ತೆಗೆದುಕೊಂಡು ಹೋದೆ. "ನಾನೇ ತಗೊಳ್ತೀನಿ ಅಂತ ಅವರೇ ಬರ್ಕೊಂಡಿದಾರಲ್ಲ" ಅಂದ. ಬಾಗಿಲು ಹಾಕಿಕೊಂಡ. ತಗೊಂಡನೋ ಇಲ್ಲವೋ ಗೊತ್ತಿಲ್ಲ. ಇದನ್ನು ಈಗ ಯಾರು ಸರಿ ಮಾಡುತ್ತಾರೆ? ಅವರ ಫಾರಂ ಅಂತೂ ಮುಗಿಯಿತು. ನಂಬಿಕೆ ಬರಲು ವರ್ಷಗಳು ಹಿಡಿದಿತ್ತು ನಮ್ಮಿಬ್ಬರ ನಡುವೆ. ನನ್ನ ಕೈಯಿಂದ ಮಾತ್ರೆ ತೆಗೆದುಕೊಳ್ಳಲು ಅವನು ಒಪ್ಪಿದ್ದೇ ಆ ನಂಬಿಕೆಯ ಮೇಲೆ. ಯಾರಾದರೂ ಉತ್ತರ ಕೊಡಿ. ಈ ಕೆಲಸದಲ್ಲಿ ಇರುವವರು ಇದನ್ನು ಓದುತ್ತಿದ್ದರೆ ನೀವೇ ಕೊಡಿ. ನಿಮಗೆ ಕಲಿಸಿದ್ದು ಹೀಗೇನಾ?

ಇನ್ನು ಆ ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ ಅಂತ ತೀರ್ಮಾನ ಮಾಡಿದ್ದೆ. ಸಾಯಂಕಾಲದ ಹೊತ್ತಿಗೆ ಅದೂ ಹೋಯಿತು. ಹತ್ತದೆ ಎಲ್ಲಿಗೆ ಹೋಗಲಿ? ನನಗೂ ವಯಸ್ಸಾಗುತ್ತಿದೆ. ನಾನಿಲ್ಲದಾಗ ಬಚ್ಚಲ ಬಾಗಿಲಲ್ಲಿ ನಿಂತು ಕರೆಯುವವರು ಯಾರು? ಸಹಾಯ ಕೇಳಿದ್ದು ಇವತ್ತಿಗಾಗಿ ಅಲ್ಲ, ಆ ದಿನಕ್ಕಾಗಿ.

ಆಫೀಸಿನವರ ತೀರ್ಮಾನಕ್ಕೆ ಒಪ್ಪಿಗೆ ಇಲ್ಲದಿದ್ದರೆ ಬರವಣಿಗೆಯಲ್ಲಿ ಕೊಡಿ ಅಂದಿದ್ದಾರೆ. ಕೊಡುತ್ತೇನೆ. ಆದರೆ ಅದರ ಒಂದು ಪ್ರತಿ ಅವನಿಗೂ ಹೋಗುತ್ತದಂತೆ. ಇವತ್ತು ಬಾಯಲ್ಲಿ ಹೇಳಿಸಿದ್ದನ್ನೆಲ್ಲ ಇನ್ನೊಮ್ಮೆ ಅಕ್ಷರದಲ್ಲಿ ಅವನಿಗೆ ಓದಿಸಬೇಕು. ನಿಮ್ಮಲ್ಲಿ ಯಾರಾದರೂ ಇಂಥ ಅರ್ಜಿ ಬರೆದಿದ್ದರೆ, ನಿಮ್ಮವರ ಮನಸ್ಸು ನೋಯದ ಹಾಗೆ ಹೇಗೆ ಬರೆದಿರಿ ಹೇಳಿ. ಸಮಾಧಾನದ ಮಾತು ಬೇಡ, ಒಕ್ಕಣೆ ಬೇಕು. ಮೊದಲ ಸಾಲು ಏನಂತ ಶುರು ಮಾಡಿದಿರಿ?